ಏರು ಹತ್ತದ ಲಾರಿ ಮತ್ತು ನಮ್ಮ ಮೈದುನ

ನಮ್ಮ ಮೈದುನ ಹುಚ್ಚ ಅಲ್ಲ. ಇದನ್ನ ಮೊದಲ ಹೇಳಿಬಿಡತೇನಿ, ಯಾಕಂದ್ರ ಮುಂದಿಂದು ಓದಿದ ಮ್ಯಾಲೆ ಹೇಳಿದ್ರ ನೀವು ನಂಬೂದಿಲ್ಲ!

ಆಂವ ನನ್ನ ಗಂಡನ ತಮ್ಮ. ಮುನವಳ್ಳಿಯೊಳಗ ನಮ್ಮದೂ ಅವಂದೂ ಗ್ವಾಡಿಗೆ ಗ್ವಾಡಿ ಹತ್ತಿದ ಮನಿ. ಅವನ ಅಂಗಳದಾಗ ಒಂದು ಹಳೇ ಲಾರಿ ನಿಂತಿರತೈತಿ. ‘ಹಳೇ’ ಅಂತ ನಾ ಇಲ್ಲೆ ಬರೀಬಹುದು, ಅಲ್ಲೆ ನಿಂತು ಅನ್ನೂ ಹಂಗಿಲ್ಲ. “ವೈನಿ, ಸಾವಕಾಶ ಮಾತಾಡ್ರಿ, ಆಕಿಗೆ ಕೇಳಸತೈತಿ” ಅಂತಾನ. ಯಾರಿಗೆ? ಲಾರಿಗೆ! ನಮ್ಮ ನೆಗೆಣ್ಣಿಗೆ, ಅಂದ್ರ ಅವನ ಹೆಂಡತಿಗೆ, ಊಟ ಆತೇನು ಅಂತ ಆಂವ ಕೇಳಿದ್ದು ನಾ ಇವತ್ತಿನ ತನಕ ಕಂಡಿಲ್ಲ. ಲಾರಿಗೆ ಮಾತ್ರ ದಿನಾ ಮುಂಜಾನೆ ಬಾನೆಟ್ ಮ್ಯಾಲೆ ಕೈ ಇಟ್ಟು, “ರಾತ್ರಿ ನಿದ್ದಿ ಹತ್ತಿತ್ತಾ?” ಅಂತ ವಿಚಾರಸತಾನ.

ಇಂಥಾ ಲಾರಿ ಹೋದ ಸುಗ್ಗಿಯಾಗ ಮಿಸ್ ಹೊಡಿಯಾಕ ಹತ್ತಿತು. ಸಪಾಟ ದಾರಿಯೊಳಗ ಗಡ ಗಡ ಅಂತ ಚೊಲೋ ಹೋಗೂದು, ಏರು ಬಂತಂದ್ರ ‘ಗಡ... ಗಡ... ಫುಸ್’ ಅಂತ ಉಸರ ಬಿಡೂದು. ಕರೀ ಹೊಗಿ, ದಮ್ ಇಲ್ಲ. ಕಿತ್ತೂರ ಕಡೆ ದೊಡ್ಡ ರೋಡಿನ್ಯಾಗ ಒಂದು ಸಣ್ಣ ಏರು. ಟ್ರ್ಯಾಕ್ಟರ್ ಹಿಂದ ಹಾಕಿ ಹೋತು, ಸೈಕಲ್ ಹಿಂದ ಹಾಕಿ ಹೋತು. ಕುರಿ ಕಾಯಾಂವ ಒಬ್ಬ ಹತ್ತರ ಬಂದು, “ಯಾಕ್ರಿ ಕಾಕಾ, ಗಾಡಿ ನಿಂದ್ರಿಸಿ ಏನ ನೋಡಾಕತ್ತೀರಿ?” ಅಂದ. ನಮ್ಮ ಮೈದುನ ಕಿಡಕ್ಯಾಗ ತಲಿ ಹಾಕಿ ಒದರಿದ: “ನಿಂದ್ರಿಸಿಲ್ಲಲೇ, ಹೊಂಟೇನಿ!”

ಅದು ತಮಾಷಿ ಆತು ಬಿಡ್ರಿ. ಆದರ ಅಮಾಸಿಯಿಂದ ಅಮಾಸಿಗೆ ರೋಗ ಹೆಚ್ಚಾಗಾಕ ಹತ್ತಿತು. ಒಂದಿನ ಸವದತ್ತಿ ಗುಡ್ಡದ ಏರಿನ್ಯಾಗ, ಇಟ್ಟಂಗಿ ಲೋಡ್ ಇರುಮುಂದ, ಲಾರಿ ಪೂರಾ ನಿಂತು ಹಿಂದಕ್ಕ ಸರಿಯಾಕ ಹತ್ತಿತಂತ. ಹಿಂದ ಬರತಿದ್ದ ಟೆಂಪೋದವರು ಜಿಗದು ಗಾಲಿಗೆ ಕಲ್ಲ ಕೊಟ್ಟರು, ಇಂವ ಜೀವಂತ ಮನಿ ಕಂಡ. ಇದನ್ನ ಕೇಳಿ ಅವನ ಮಗ ಬೆಂಕಿ ಆದ.

“ಸಾಕಪ್ಪಾ. ಗುಜರಿಯವಗ ಹೇಳತೇನಿ, ಕಡದು ಒಯ್ಯಲಿ.”

“ಆಕಿನ್ನ ಕಡೀತಾನ? ಮೊದಲ ನನ್ನ ಕಡೀರಿ!”

“ನೀ ಕಬ್ಬಿಣ ಅಲ್ಲೋ ಮಾರಾಯ, ನಿನ್ನ ಯಾರೂ ತಗೊಳ್ಳೂದಿಲ್ಲ” ಅಂದೆ ನಾ. ಜಗಳ ನಿಂದ್ರಸಾಕ ಯಾರರ ಏನರ ಅನ್ನಬೇಕಲ್ಲ!

ಕಡೀಕ ಅಪ್ಪಗೂ ಮಗಗೂ ಕರಾರ ಆತು. ಅದ ಗುಡ್ಡ, ಅಷ್ಟ ಲೋಡು. ಬರೂ ಅಮಾಸಿ ಒಳಗ ಎಲ್ಲೂ ನಿಂದ್ರದಂಗ ಹತ್ತಿದ್ರ ಲಾರಿ ಉಳೀತು. ಇಲ್ಲಂದ್ರ ಗುಜರಿ.

ಮರುದಿನ ಹೋಳಿಗಿ ಮಾಡೂಣಂತ ನೋಡತೇನಿ, ಲಟ್ಟಣಿಗಿ ಇಲ್ಲ! ಮೈದುನ ಅದರ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ, ಕಣ್ಣ ಮುಚ್ಚಿ ದೊಡ್ಡ ಡಾಕ್ಟರ್ ಕುಂತಂಗ ಕುಂತಾನ.

“ವೈನಿ, ಒಳಗ ಆರು ಸಿಲಿಂಡರ್ ಅದಾವ. ಮೂರನೇದು ನಮ್ಮ ಅಣ್ಣನಂಗ ಐತಿ ನೋಡ್ರಿ.”

“ಹಂಗಂದ್ರ?”

“ಸಪ್ಪಳ ಬಾಳ, ಕೆಲಸ ಇಲ್ಲ.”

ಅವರ ಅಣ್ಣ ಅಂದ್ರ ನನ್ನ ಗಂಡ. ನಾ ಏನಂತ ಬೈಲಿ? ರೋಗ ಗುರ್ತ ಹಿಡಿಯೂದರಾಗ ಹುಷಾರ ಅದಾನ! ಆವತ್ತಿನ ಹೋಳಿಗಿ ಮಾತ್ರ ಡೀಸಲ್ ನಾರತಿದ್ದುವು. ಅವರ ಅಣ್ಣ ಸುಮ್ಮನ ತಿಂದ್ರು.

ಲಟ್ಟಣಿಗಿಯಿಂದ ಆಗೂದಿಲ್ಲ ಅಂತ ಬೈಲಹೊಂಗಲದಿಂದ ಮಿಸ್ತ್ರಿನ್ನ ಕರಸಿದ್ರು. ಆಂವ ಮೊದಲ ಇಂಜಿನ್ ಗಾಳಿ ತಗೊಳ್ಳೂ ಪೈಪಿಗೆ ಕೈ ಹಾಕಿದ. ಅದರ ಬಾಯಿಗೆ ನಾಕು ಮಡಿಕಿ ಮಾಡಿ ಇಳಕಲ್ ಸೀರಿ ಕಟ್ಟಿತ್ತು!

“ಕಾಕಾರ, ಇದೇನ್ರಿ?”

“ಕಬ್ಬಿನ ಸೀಸನ್ ಧೂಳ ಬಾಳ ನೋಡಪಾ. ಆಕಿಗೆ ನೆಗಡಿ ಆಗಬಾರದಲ್ಲ.”

“ಮೂಗಿಗೆ ಸೀರಿ ಕಟ್ಟಿ ಗುಡ್ಡ ಹತ್ತಂದ್ರ ನೀವರ ಹತ್ತತೀರೇನು?”

ಅಷ್ಟರಾಗ ನಮ್ಮ ನೆಗೆಣ್ಣಿ ಹೊರಗ ಬಂದು ಚೀರಿದಳು: “ಯವ್ವಾ, ನನ್ನ ಸೀರಿ! ದೀಪಾವಳಿಯಿಂದ ಹುಡಕಾಕತ್ತೇನಿ!” ಲಾರಿ ಉಸರಾಡಿತು, ಮೈದುನನ ಉಸರ ನಿಂತಿತು.

ಹೊಗಿ ಕಡಿಮಿ ಆತು. ಮಿಸ್ ಹೊಡಿಯೂದು ಬಿಡಲಿಲ್ಲ. ಮಿಸ್ತ್ರಿ ಇಂಜಿನ್ ಚಾಲೂ ಇಟ್ಟು ಡೀಸಲ್ ಹೋಗೂ ಸಣ್ಣ ಪೈಪ ಒಂದೊಂದ ಸಡಲ ಮಾಡಿದ. ಯಾವುದನ್ನ ಸಡಲ ಮಾಡಿದ್ರ ಸಪ್ಪಳ ಬದಲಾಗೂದಿಲ್ಲೋ, ಆ ಸಿಲಿಂಡರ್ ಮೊದಲಿಂದನೂ ಕೆಲಸ ಮಾಡತಿದ್ದಿಲ್ಲ ಅಂತ ಲೆಕ್ಕ. ಇದು ನನಗ ಬಾಳ ಮನಸಿಗೆ ಬಂತು. ಸೊಸ್ತೇರನ್ನ ಒಬ್ಬೊಬ್ಬರ ತವರಿಗೆ ಕಳಿಸಿ ಮನಿ ಸಪ್ಪಳ ಕೇಳಿದ್ರ ಆತಲ್ಲ! ನಮ್ಮ ಮನಿಯೊಳಗ ಅಂಥಾಕಿ ಒಬ್ಬಾಕಿ ಅದಾಳ. ಹೆಸರ ಹೇಳೂದಿಲ್ಲ, ಆಕಿ ಇದನ್ನ ಓದತಾಳ.

ಆದರ ಲಾರಿಯೊಳಗ ಒಮ್ಮೆ ಎರಡನೇದು, ಒಮ್ಮೆ ಐದನೇದು, ಪಾಳಿ ಹಚ್ಚಿ ಮಲಗತಿದ್ದುವು. ಮಿಸ್ತ್ರಿ ತಲಿ ಕೆರಕೊಂಡು, “ಇವುಗಳ ತಪ್ಪಿಲ್ಲ ಕಾಕಾರ, ಊಟದಾಗ ಏನೋ ಐತಿ” ಅಂತ ಡೀಸಲ್ ಟ್ಯಾಂಕಿನ ತಳದ ನಟ್ ಬಿಚ್ಚಿ ಬಕೀಟ ಹಿಡದ. ನೀರು! ಡೀಸಲ್ಲಿನ ಕೆಳಗ ಕುಂತಿದ್ದ ಅಚ್ಚ ನೀರು!

ಮೈದುನ ಬಡಿಗಿ ತಗೊಂಡ. “ಪಂಪಿನವರು ನೀರ ಕಲಸ್ಯಾರ! ಇವತ್ತ ಅವರನ್ನ ಬಿಡೂದಿಲ್ಲ!”

ನಾ ಚಸಮಾ ಹಾಕ್ಕೊಂಡು ಬಕೀಟಿನ್ಯಾಗ ಬಗ್ಗಿ ನೋಡಿದೆ. “ನಿಂದ್ರೋ ಮಾರಾಯ. ಪಂಪಿನವರು ಡೀಸಲ್ ಕೂಡ ಬಿಲ್ವಪತ್ರಿ ಯಾವಾಗಿಂದ ಕೊಡಾಕ ಹತ್ಯಾರ?”

ಬಡಿಗಿ ಕೆಳಗ ಇಳೀತು.

ಅಮಾಸಿಗೊಮ್ಮೆ ಗಾಡಿ ಪೂಜಿ ಮಾಡೂದು ನಮ್ಮ ಕಡೆ ಎಲ್ಲಾರ ಪದ್ಧತಿ. ಗಾಲಿ ಕೆಳಗ ಲಿಂಬಿಹಣ್ಣು, ಮುಂದ ಟೆಂಗಿನಕಾಯಿ. ಇಂವ ನಮಗೆಲ್ಲಾ ತೀರ್ಥ ಕೊಟ್ಟ ಮ್ಯಾಲೆ, ಆಕಿಗೂ ಬ್ಯಾಡೇನು ಅಂತ ಟ್ಯಾಂಕಿನ ಮುಚ್ಚಳ ತಗದು ಒಂದು ಉದ್ಧರಣಿ ಹಾಕತಿದ್ದನಂತ!

“ಉದ್ಧರಣಿಲೇ ಇಷ್ಟ ನೀರ ಹೆಂಗಾತು?” ಅಂತ ಮಗ ಕೇಳಿದ.

“ಮೊದಲ ಉದ್ಧರಣಿನ ಹಾಕತಿದ್ದೆ. ಮಿಸ್ ಹೊಡಿಯಾಕ ಹತ್ತಿದ ಮ್ಯಾಲೆ ವಾಟಗ ಮಾಡಿದೆ. ಆದ್ರೂ ಕಡಿಮಿ ಆಗಲಿಲ್ಲ. ಅದಕ್ಕ ತಂಬಗಿ...”

ತಿಳೀತಿಲ್ಲೋ? ತೀರ್ಥದಿಂದ ರೋಗ, ರೋಗಕ್ಕ ಮತ್ತ ತೀರ್ಥ! ಇನ್ನೊಂದು ಅಮಾಸಿ ಬಿಟ್ಟಿದ್ರ ಕೊಡ ಹೊತ್ತು ಬರತಿದ್ದ.

ಮಿಸ್ತ್ರಿ ಟ್ಯಾಂಕ್ ತೊಳದ, ಫಿಲ್ಟರ್ ಬದಲಿ ಮಾಡಿದ, ಪೈಪಿನ್ಯಾಗಿನ ಗಾಳಿ ತಗದ. ಲಾರಿ ಗಡ ಗಡ ಗಡ ಅಂತು, ಒಂದೂ ತಪ್ಪಲಿಲ್ಲ.

ಗುಡ್ಡ ಹತ್ತೂ ದಿನ ಬಂತು. ಇಟ್ಟಂಗಿ ತುಂಬಿದ್ರು. “ವೈನಿ, ನೀವೂ ಹತ್ತ್ರಿ, ಲೋಡ್ ಪೂರಾ ಆಗಲಿ” ಅಂದ. ಬೈಕೊಂತ ಹತ್ತಿದೆ. ಹಿಂದ ಮಿಸ್ತ್ರಿಯ ಮೋಟರ್ ಸೈಕಲ್ ಮ್ಯಾಲೆ ಮಗ, ತೊಡಿ ಮ್ಯಾಲೆ ದೊಡ್ಡ ಕಲ್ಲ ಇಟಗೊಂಡು ಕುಂತಿದ್ದ. ಅಪ್ಪನ ಮ್ಯಾಲೆ ಅಷ್ಟು ಭರವಸಾ!

ಏರು ಚಾಲೂ ಆತು. ಮೈದುನ ಸ್ಟೇರಿಂಗ್ ಗಟ್ಟಿ ಹಿಡದು ಮುಂದ ಬಗ್ಗಿದ.

“ವೈನಿ, ಮುಂದ ಬರಾಕತ್ತಿದ್ದು ಬಸ್ಸೋ, ಟೆಂಪೋನೋ?”

“ಎಮ್ಮಿ!”

“ಹೌದಾ? ಮುಂದಿನ ತಿರುವು ಎಡಕ್ಕೋ, ಬಲಕ್ಕೋ?”

“ಹುಟ್ಟಿದಾಗಿಂದ ಈ ಗುಡ್ಡ ಹತ್ತೀದಿ, ನನ್ನ ಕೇಳತೀ? ಬಲಕ್ಕ!”

ನನಗ ಅಂಜಿಕಿ ಆಗಬಾರದಂತ ಚೇಷ್ಟಿ ಮಾಡಾಕತ್ತಾನ ಅಂದುಕೊಂಡೆ. ಹಿಂದಕ್ಕ ಸರದಿದ್ದ ಜಾಗಾ ಬಂತು. ನಾ ಸುಮ್ಮನಾದೆ. ಲಾರಿ ಸುಮ್ಮನಾಗಲಿಲ್ಲ. ಗಡ ಗಡ ಅಂತ ಮ್ಯಾಲೆ ಹತ್ತಿ ನಿಂತಿತು.

ಇಟ್ಟಂಗಿ ಇಳಿಸಿದ್ರು. ಮಗ ಕಲ್ಲ ಒಗದು ಬಂದ. “ಆತಪ್ಪಾ, ನೀ ಗೆದ್ದಿ. ಇಟಗೋ ನಿನ್ನ ಲಾರಿ.”

ಮೈದುನ ಚಾವಿ ತಗದು ಮಗನ ಕೈಯಾಗ ಇಟ್ಟ.

“ನಾ ಇನ್ನ ಓಡಸೂದಿಲ್ಲ. ಕಣ್ಣ ಕಾಣವಲ್ಲವು. ಡಾಕ್ಟರ್ ನೋಡಿ ಇದು ಪೊರಿ ಅಲ್ಲ, ನರಾ ಒಣಗ್ಯಾವ, ತಿರುಗಿ ಬರೂದಿಲ್ಲ ಅಂದಾರ. ಇವತ್ತ ವೈನಿ ಕಣ್ಣಿಲೇ ಹತ್ತಿಸಿದೆ.”

ನಾ ತಿರುಗಿ, ಹತ್ತಿ ಬಂದ ದಾರಿ ಒಮ್ಮೆ ನೋಡಿದೆ. “ಹಂಗಿದ್ರ ಇಷ್ಟ ಕುಣದಾಡಿದ್ದು ಯಾಕೋ, ಮುಟ್ಟಾಳ? ಮೊದಲ ಗುಜರಿಗೆ ಕೊಟ್ಟು ಕಳಸಬೇಕಿತ್ತಲ್ಲ?”

“ಏರು ಹತ್ತದ ಗಾಡಿನ್ನ ಗುಜರಿಯಾಂವ ಒಯ್ತಾನ್ರಿ ವೈನಿ. ಹತ್ತೂ ಗಾಡಿ ಆದ್ರ ಯಾರರ ಓಡಸಾಂವ ಒಯ್ತಾನ.”

ಮಿಸ್ತ್ರಿ ಮೋಟರ್ ಸೈಕಲ್ ತಗೊಂಡು ಮುಂದ ಹೋದ. ಗುಡ್ಡ ಇಳಿಯುಮುಂದ ಮಗ ಲಾರಿ ಓಡಿಸಿದ. ನಡಬರಕ ಮೈದುನ, ಕಿಡಕಿ ಕಡೆ ನಾ. ನೋಡತೇನಿ, ತಿರುವು ಬಂದಾಗೆಲ್ಲಾ ಇವನ ಬಲಗಾಲು ಇಲ್ಲದ ಬ್ರೇಕ್ ತುಳಿಯಾಕತ್ತಿತ್ತು. ಬೈಬೇಕಂತ ಬಾಯಿ ತಗದೆ. ಅಷ್ಟರಾಗ ಇನ್ನೊಂದು ತಿರುವು ಬಂತು. ಅವನ ಕೂಡ ನಾನೂ ತುಳದೆ.