ಗೋದಲಿಯ ಹುಲ್ಲು

ಊರವರ ಮಕ್ಕಳಿಗೆ ಉಪದೇಶ ಮಾಡುವವರು ಸ್ವಂತ ಮಕ್ಕಳಿಂದ ಸ್ವಲ್ಪ ದೂರ ಇರಬೇಕು. ಇದು ನನ್ನ ಅನುಭವದ ಮಾತು.

ನಾನು ಜೆಸಿಂತಾ. ಸಿರಸಿಯ ನಮ್ಮ ಚರ್ಚಿನಲ್ಲಿ ಭಾನುವಾರ ಚಿಕ್ಕ ಮಕ್ಕಳಿಗೆ ಧರ್ಮಪಾಠ ಹೇಳುವವಳು. ಕ್ರಿಸ್‌ಮಸ್‌ಗೆ ಮುಂಚೆ ಮಕ್ಕಳಿಗೊಂದು ಹಳೆಯ ಪದ್ಧತಿ ಕಲಿಸಿದೆ. ಇದ್ದದ್ದನ್ನು ಯಾರಿಗಾದರೂ ಹಂಚಿದರೆ ಮನೆಯ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿಗೆ, ಒಂದು ಎಳೆ ಹುಲ್ಲು ಹಾಕುವುದು. ಹಬ್ಬದ ಹೊತ್ತಿಗೆ ಬಾಲಯೇಸುವಿಗೆ ಮೆತ್ತನೆಯ ಹಾಸಿಗೆ ಸಿದ್ಧ. ನೋಡಲು ಫಾದರ್ ಮನೆಮನೆಗೆ ಬರುತ್ತಾರೆ. ಟೀಚರ ಮನೆಯ ಹಾಸಿಗೆಯೇ ಎಲ್ಲಕ್ಕಿಂತ ಮೆತ್ತಗಿರಬೇಕಲ್ಲ!

ನನ್ನ ಐದು ವರ್ಷದ ಲವಿನಾ ದಾನಶೂರ ಕರ್ಣನಾದಳು. ಪೆನ್ಸಿಲ್ ಕೊಟ್ಟಳು, ಚಿಕ್ಕಿ ಹಂಚಿದಳು, ಅಪ್ಪನ ಹೊಸ ಟವೆಲನ್ನು ಹಾಲಿನವನಿಗೆ ಅರ್ಪಿಸಿದಳು. (ನನ್ನ ಗಂಡ ತುಟಿ ಪಿಟಕ್ಕೆನ್ನಲಿಲ್ಲ. ಮದುವೆಯಾದಾಗಿನಿಂದ ಅದೇ ಅಭ್ಯಾಸ.) ಆದರೂ ಹಾಸಿಗೆ ದಿನದಿನಕ್ಕೆ ತೆಳ್ಳಗಾಗುತ್ತಿತ್ತು. ಇಲಿಯಿರಬೇಕೆಂದು ಬೋನಿಟ್ಟೆ. ಗಂಡನ ಮೇಲೂ ಒಂದು ಕಣ್ಣಿಟ್ಟೆ.

ಈ ನಡುವೆ ಪಕ್ಕದ ಮನೆಯ ರೋಹಿಣಿ ನನ್ನ ಗುಲಾಬಿ ಹೂವಿನ ಅಚ್ಚು ಕೇಳಿದಳು. ಹಿಟ್ಟಿಗೆ ಅದ್ದಿ ಕಾದ ಎಣ್ಣೆಗಿಳಿಸಿದರೆ ಗರಿಗರಿ ಹೂ ಬಿಡುವ, ಅತ್ತೆ ಕೊಟ್ಟ ಹಿತ್ತಾಳೆ ಅಚ್ಚು ಅದು. ಯಲ್ಲಾಪುರದ ನಾದಿನಿ ಒಯ್ದಿದ್ದಾಳೆ ಎಂದೆ. ಮತ್ತೆ ಕೇಳಿದಾಗ, ಇನ್ನೂ ಬಂದಿಲ್ಲ ಎಂದೆ. ಅಚ್ಚು ಅಕ್ಕಿ ಡಬ್ಬದ ಹಿಂದೆ ಸುಖವಾಗಿತ್ತು. (ಕರಿಬೇವು ಕೇಳಿ ಬಂದವರಿಗೆಲ್ಲ ಗಿಡಕ್ಕೆ ಹುಳ ಬಿದ್ದಿದೆ ಎನ್ನುವುದು ಬೇರೆ ವಿಚಾರ.)

ಫಾದರ್ ಬಂದರು. ಗೋದಲಿ ನೋಡಲು ರೋಹಿಣಿಯೂ ಬಂದಳು. ಹುಲ್ಲಿರಬೇಕಾದಲ್ಲಿ ಹಲಗೆ ಕಾಣುತ್ತಿತ್ತು. ಯಾರಿಗೂ ಏನೂ ಕೊಡಲಿಲ್ಲವಾ ಪುಟ್ಟಿ ಎಂದು ಫಾದರ್ ಮೆಲ್ಲಗೆ ಕೇಳಿದರು.

"ಕೊಟ್ಟೆ ಫಾದರ್. ಆದ್ರೆ ಮಮ್ಮಿ ಇದ್ದದ್ದನ್ನ ಇಲ್ಲ ಅಂದಾಗೆಲ್ಲ ಒಂದೊಂದು ಹುಲ್ಲು ತೆಗೆದೆ. ಮಮ್ಮಿದೇ ಜಾಸ್ತಿ ಆಯ್ತು."

ಅಷ್ಟಕ್ಕೇ ಬಿಡಲಿಲ್ಲ. ಅಚ್ಚು ಎಲ್ಲಿದೆ ಎಂದು ರೋಹಿಣಿಗೆ ಬೆರಳು ಮಾಡಿ ತೋರಿಸಿದಳು. ನೆಲ ಬಾಯಿಬಿಟ್ಟಿದ್ದರೆ ಟೀಚರ್ ಒಳಗಿರುತ್ತಿದ್ದಳು. ರೋಹಿಣಿ ನಗು ತಡೆದುಕೊಂಡು, "ಇರ್ಲಿ ಬಿಡಿ ಅಕ್ಕ, ಯಲ್ಲಾಪುರದ ಬಸ್ಸು ಈಗ ಬಂತು ಕಾಣ್ತದೆ" ಎಂದಳು. ನನ್ನ ಗಂಡ ಬಾಯಿಬಿಟ್ಟು ನಕ್ಕದ್ದನ್ನು ಆವತ್ತೇ ನಾನು ಕಂಡದ್ದು.

ಅಚ್ಚು ತಂದು ಅವಳ ಕೈಗಿಟ್ಟೆ. ಲವಿನಾ ಓಡಿಹೋಗಿ ಒಂದು ಎಳೆ ಹುಲ್ಲು ಹಾಕಿ, "ಇದು ಮಮ್ಮಿದು" ಎಂದಳು. ನಾಚಿಕೆಯ ನಡುವೆಯೂ ನನಗೆ ಬಹಳ ಸಂತೋಷವಾಯಿತು.

ಹಬ್ಬದ ದಿನ ರೋಹಿಣಿ ತಟ್ಟೆ ತುಂಬ ಗುಲಾಬಿ ಹೂ ತಂದು, ಹೇಗಾಗಿದೆ ಎಂದು ಕೇಳಿದಳು. ತಿಂದರೆ ಗರಿಗರಿಯಾಗಿಯೇ ಇತ್ತು; ಆದರೂ ಪರವಾಗಿಲ್ಲ, ಎಣ್ಣೆ ಸ್ವಲ್ಪ ಹೆಚ್ಚಾಯಿತು ಎನ್ನಲು ಬಾಯಿ ತೆರೆದೆ. ಲವಿನಾಳ ಕೈ ಆಗಲೇ ಗೋದಲಿಯ ಕಡೆ ಹೋಗಿತ್ತು.

"ನನ್ನದಕ್ಕಿಂತ ಚೆನ್ನಾಗಿದೆ" ಎಂದೆ.