ಲಾರಿಗೊಂದು ಕುಂಚಿಗೆ

ಸುಮ್ಮನೆ ಕೂತುಕೊಳ್ಳುವುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನ್ನ ಗಂಡ ರಾಜೇಸಾಬರು ಅಂಥವರು. ಊಟ ಮುಗಿಸಿ ಕಟ್ಟೆಯ ಮೇಲೆ ಕೂತರೆಂದರೆ ಎದುರಿನ ಬೇವಿನ ಮರಕ್ಕೂ ಅವರಿಗೂ ವ್ಯತ್ಯಾಸ ಇರುವುದಿಲ್ಲ. ಗಾಳಿ ಬೀಸಿದರೆ ಮರವಾದರೂ ಅಲುಗಾಡುತ್ತದೆ. ನನಗೆ ಆ ಭಾಗ್ಯವಿಲ್ಲ. ಇಂಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಗಿರಾಕಿಗಳು ಇಲ್ಲದಾಗಲೂ ನನ್ನ ಕಾಲು ಮಷೀನಿನ ಪೆಡಲನ್ನು ತುಳಿಯುತ್ತಲೇ ಇರುತ್ತದೆ. ಸೂಜಿಗೆ ದಾರ ಹಾಕದೆ, ಕೆಳಗೆ ಬಟ್ಟೆಯನ್ನೂ ಇಡದೆ ಹೊಲಿಯುವ ದರ್ಜಿ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಪಕ್ಕದ ಕಿರಾಣಿ ಅಂಗಡಿಯ ನೀಲವ್ವ ಒಮ್ಮೆ, "ರೇಷ್ಮಾ, ನಿನ್ನ ಕಾಲಿಗಿ ಒಂದು ಡೈನಮೊ ಕಟ್ಟಿದ್ರ ಇಡೀ ಓಣಿಗಿ ಲೈಟ್ ಬರ್ತಾವ ನೋಡು" ಎಂದಿದ್ದಳು. ನಾನು ನಕ್ಕೆ. ಕಾಲು ಮಾತ್ರ ನಿಲ್ಲಲಿಲ್ಲ.

ಇಂಥ ನನಗೆ ದೇವರು ಲಾರಿ ಓಡಿಸುವ ಗಂಡನನ್ನು ಕೊಟ್ಟ. ಸ್ವಂತ ಲಾರಿ. ಇಂಡಿಯ ನಿಂಬೆಹಣ್ಣು, ಚಡಚಣದ ದ್ರಾಕ್ಷಿ, ಏನು ಸಿಕ್ಕರೆ ಅದನ್ನು ಹೇರಿಕೊಂಡು ಹೋಗುತ್ತಾರೆ. ಅವರು ರಸ್ತೆಯಲ್ಲಿ ಆರಾಮಾಗಿ ಹೋಗುತ್ತಿದ್ದರೆ ನಾನು ಅಂಗಡಿಯಲ್ಲಿ ಕೂತು ಪ್ರತಿಯೊಂದು ತಿರುವನ್ನೂ ಮನಸ್ಸಿನಲ್ಲೇ ದಾಟಿಸುತ್ತಿರುತ್ತೇನೆ. ಈ ಬೇಸಿಗೆಯಲ್ಲಿ ಚಡಚಣದಿಂದ ಬರುವಾಗ ಅವರ ಲಾರಿಯ ಬ್ರೇಕು ಒಂದು ಕ್ಷಣ ಸರಿಯಾಗಿ ಹಿಡಿಯದೆ, ಮುಂದಿದ್ದ ಕಬ್ಬಿನ ಟ್ರೇಲರಿಗೆ ಮುತ್ತಿಕ್ಕುವಷ್ಟು ಹತ್ತಿರ ಹೋಗಿ ನಿಂತಿತಂತೆ. ಮನೆಗೆ ಬಂದು ಕೈಕಾಲು ತೊಳೆದು ರೊಟ್ಟಿ ಮುರಿಯುತ್ತಾ ಈ ಸುದ್ದಿಯನ್ನು ಅವರು ಹೇಳಿದ ರೀತಿ ಹೇಗಿತ್ತೆಂದರೆ, ಪಲ್ಯಕ್ಕೆ ಉಪ್ಪು ಸ್ವಲ್ಪ ಕಡಿಮೆಯಾಗಿದೆ ಎಂದಂತೆ.

"ಯಾಕ ಹಂಗಾತು?" ಎಂದೆ.

"ಗಾಳಿ ಎಳಕೊಳ್ಳೋ ಬಾಯಾಗ ಧೂಳು ಹೋಗಿತ್ತು. ಟ್ಯಾಂಕಿನ್ಯಾಗ ನೀರೂ ನಿಂತಿತ್ತು. ವಾಲ್ವಿನ್ಯಾಗ ಹೊಲಸು ಸಿಕ್ಕೊಂಡು ಬ್ರೇಕ್ ತಡಾ ಮಾಡ್ತು. ತೊಳದು ಹಾಕೇನಿ. ಇನ್ನೊಂದು ರೊಟ್ಟಿ ಕೊಡು."

ಲಾರಿಯ ಬ್ರೇಕು ಗಾಳಿಯಿಂದ ಕೆಲಸ ಮಾಡುತ್ತದೆ ಎನ್ನುವುದು ನನಗೆ ಅವತ್ತೇ ಗೊತ್ತಾದದ್ದು. ಎಂಜಿನ್ನಿನ ಪಕ್ಕದಲ್ಲಿ ಒಂದು ಪುಟ್ಟ ಪಂಪು ಇರುತ್ತದೆ. ಅದು ಹೊರಗಿನ ಗಾಳಿಯನ್ನು ಒಂದು ಜಾಲರಿ ಡಬ್ಬಿಯ ಮೂಲಕ ಎಳೆದುಕೊಂಡು ಟ್ಯಾಂಕಿನಲ್ಲಿ ತುಂಬಿಡುತ್ತದೆ. ಡ್ರೈವರ್ ಪೆಡಲ್ ತುಳಿದಾಗ ಆ ಗಾಳಿಯೇ ಹೋಗಿ ಚಕ್ರ ಹಿಡಿಯುತ್ತದೆ. ಅಂದರೆ ನನ್ನ ಸಂಸಾರ ಇಷ್ಟು ವರ್ಷ ಬರೀ ಗಾಳಿಯ ಮೇಲೆ ನಿಂತಿತ್ತು! ಅದೂ ಎಂಥ ಗಾಳಿ? ನಮ್ಮ ಕಡೆ ತೊಗರಿ ಬಡಿಯುವ ದಿನಗಳಲ್ಲಿ ಒಣಗಹಾಕಿದ ಬಿಳಿ ಸೀರೆ ಸಂಜೆಗೆ ತನ್ನ ಬಣ್ಣವನ್ನೇ ಮರೆತಿರುತ್ತದೆ. ಅದೇ ಗಾಳಿಯನ್ನು ಈ ಪಂಪು ದಿನವಿಡೀ ಕುಡಿಯುತ್ತಿದೆ ಎಂದು ನೆನೆದ ಮೇಲೆ ನನಗೆ ಮಷೀನಿನ ಮುಂದೆಯೂ ಕೂರಲಾಗಲಿಲ್ಲ, ಅಂಗಡಿಯ ಬಾಗಿಲಲ್ಲೂ ನಿಲ್ಲಲಾಗಲಿಲ್ಲ. ಬೆಳಿಗ್ಗೆ ಲಾರಿ ಹೊರಡುವ ಮೊದಲು, "ಜಾಲರಿ ಜಾಡಿಸಿದ್ರೇನು? ಟ್ಯಾಂಕಿನ ನೀರು ಬಿಟ್ಟ್ರೇನು?" ಎಂದು ಕೇಳುವುದು ಶುರುವಾಯಿತು. ಹೊರಟ ಮೇಲೆ ಅದನ್ನೇ ಫೋನಿನಲ್ಲಿ ಕೇಳುವುದೂ ಶುರುವಾಯಿತು. "ಮಾಡೇನಿ ಮಾರಾಯ್ತಿ. ನಿನಗಿಂತ ಆ ಕಬ್ಬಿನ ಟ್ರೇಲರ್ ಛಲೋ ಇತ್ತು" ಎಂದರು ಒಮ್ಮೆ.

ಬಾಯಿಯಿಂದ ಆಗದ ಕೆಲಸವನ್ನು ಕೈಯಿಂದ ಮಾಡೋಣ ಎಂದುಕೊಂಡೆ. ಕೂಸಿನ ತಲೆಗೆ ಹಾಕುವ ಕುಂಚಿಗೆ ಇರುತ್ತದಲ್ಲ, ಕಿವಿ ಮುಚ್ಚಿ ಗದ್ದದ ಕೆಳಗೆ ಕಟ್ಟುವಂಥದ್ದು, ಅದನ್ನು ನಾನು ಲೆಕ್ಕವಿಲ್ಲದಷ್ಟು ಹೊಲಿದಿದ್ದೇನೆ. ಆ ಜಾಲರಿ ಡಬ್ಬಿಯೂ ಸುಮಾರು ಕೂಸಿನ ತಲೆಯಷ್ಟೇ ಇದೆ. ತೆಳು ಬಟ್ಟೆಯದೊಂದು ಕುಂಚಿಗೆ ಹೊಲಿದು, ಬಾಯಿಗೆ ಎಲಾಸ್ಟಿಕ್ ಕೊಟ್ಟು, ತಳಕ್ಕೆ ಸೊಳ್ಳೆಪರದೆಯ ತುಂಡು ಜೋಡಿಸಿ, ಇವರು ಸ್ನಾನಕ್ಕೆ ಹೋದಾಗ ಲಾರಿಗೆ ತೊಡಿಸಿಬಂದೆ. ಸಂಜೆ ಬಂದವರು ರೊಟ್ಟಿ ತಿಂದು, ನೀರು ಕುಡಿದು, ಆಮೇಲೆ, "ಧೂಳೆಲ್ಲ ಬಟ್ಟಿಗೇ ಹತ್ತೇತಿ. ವಾರಕ್ಕೊಮ್ಮೆ ಒಕ್ಕೊಡು" ಎಂದರು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ಗೌರವಸ್ಥಳಾಗಿ ಬಾಳುತ್ತಿದ್ದೆ. ಆದರೆ ಮಳೆಗಾಲ ಬಂತು. ರಸ್ತೆಯ ಕೆಸರುನೀರು ಕೆಳಗಿನಿಂದ ಸಿಡಿಯುತ್ತದೆ, ಸೊಳ್ಳೆಪರದೆ ಅದನ್ನೇನು ತಡೆದೀತು? ನಾನು ಹೊಸ ಮಾದರಿ ತಯಾರಿಸಿದೆ. ಒಳಗೆ ದಪ್ಪ ಸ್ಪಂಜು, ಹೊರಗೆ ರೇನ್‌ಕೋಟಿನ ಬಟ್ಟೆ, ತಳ ಪೂರಾ ಬಂದ್, ಬಿಗಿಯಾದ ಎಲಾಸ್ಟಿಕ್, ಅಂಚಿಗೆ ಕೆಂಪು ಬಟ್ಟೆಪಟ್ಟಿಯ ಪೈಪಿಂಗ್. ಕೆಂಪು ಪೈಪಿಂಗಿನಿಂದ ಬ್ರೇಕಿಗೆ ಉಪಯೋಗವಿಲ್ಲ ಎನ್ನುವುದು ನನಗೂ ಗೊತ್ತು. ಆದರೆ ಹೊಲಿದವಳಿಗೊಂದು ಸಮಾಧಾನ ಬೇಡವೇ? ಲಾರಿ ಸ್ಟ್ಯಾಂಡಿನಲ್ಲಿ ಮೊದಲಿನ ಕುಂಚಿಗೆ ನೋಡಿ ಮೆಚ್ಚಿದ್ದ ಸಿಂದಗಿಯ ಲಾರಿ ಡ್ರೈವರ್ ಮಲ್ಲಪ್ಪನವರಿಗೆ ಹೊಸ ಮಾದರಿಯದೊಂದನ್ನು ಕೊಟ್ಟೆ. ಬಸವನ ಬಾಗೇವಾಡಿಯಲ್ಲಿ ಶಾಲೆಯ ಬಸ್ಸು ಓಡಿಸುವ ಸಿದ್ರಾಮಪ್ಪನವರು ನೆಂಟರ ಮನೆಗೆಂದು ಇಂಡಿಗೆ ಬಂದಿದ್ದರು. ಅವರನ್ನೂ ಕರೆದು ಕೊಟ್ಟೆ. ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಭಾಳ ಮೆತ್ತಗೈತ್ರಿ" ಎಂದರು. ನಾನು ಉಬ್ಬಿಹೋದೆ.

ಮುದ್ದೇಬಿಹಾಳದ ಉಪ್ಪಿನಕಾಯಿ ಮಾಡುವವರಿಗೆ ನಿಂಬೆಹಣ್ಣಿನ ಲೋಡು ಒಪ್ಪಿಸಬೇಕಿತ್ತು. ಅದೇ ಊರಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ. ಅವಳನ್ನು ನೋಡುವ ನೆಪದಲ್ಲಿ ನಾನೂ ಲಾರಿ ಹತ್ತಿದೆ. ನಿಜವಾಗಿ ನನಗೆ ನೋಡಬೇಕಿದ್ದದ್ದು ಅವತ್ತು ಬೆಳಿಗ್ಗೆಯಷ್ಟೇ ನಮ್ಮ ಲಾರಿಗೆ ತೊಡಿಸಿದ್ದ ಹೊಸ ಕುಂಚಿಗೆಯ ಕೆಲಸವನ್ನು. ಜಿನುಗು ಮಳೆ. ಸಿಂದಗಿ ದಾಟುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಇವರು ಡ್ಯಾಶ್‌ಬೋರ್ಡಿನಲ್ಲಿ ಟ್ಯಾಂಕಿನ ಗಾಳಿ ಎಷ್ಟಿದೆಯೆಂದು ತೋರಿಸುವ ಮುಳ್ಳನ್ನು ಮತ್ತೆ ಮತ್ತೆ ನೋಡತೊಡಗಿದರು. ಪ್ರತಿ ಹಳ್ಳಿಯ ರಸ್ತೆಯುಬ್ಬಿಗೂ ಬ್ರೇಕು, ಪ್ರತಿ ಬ್ರೇಕಿಗೂ ಮುಳ್ಳು ಇಳಿಯುತ್ತಿತ್ತು, ಇಳಿದದ್ದು ಮೊದಲಿನಂತೆ ಏರುತ್ತಿರಲಿಲ್ಲ.

"ಗಾಳಿ ತುಂಬವಲ್ದು" ಎಂದರು.

"ಧೂಳಂತೂ ಹೋಗಿರಾಕಿಲ್ಲ ಬಿಡ್ರಿ, ಕುಂಚಿಗಿ ಐತಲ್ಲ" ಎಂದೆ, ಜಂಬದಿಂದಲೇ.

ದೇವರ ಹಿಪ್ಪರಗಿಯಲ್ಲಿ ಅವತ್ತು ಸಂತೆ. ಜನರ ನಡುವೆ ಹೆಜ್ಜೆಗೊಮ್ಮೆ ಬ್ರೇಕು ಒತ್ತುತ್ತಾ ಹೋಗುವಾಗ ಲಾರಿಯೊಳಗೆ ಕರ್ಕಶವಾದ ಸೈರನ್ ಒಂದು ಕೂಗಲು ಶುರುಮಾಡಿತು. ಇನ್ನೊಂದು ಚೂರು ಮುಂದೆ ಹೋಗುವಷ್ಟರಲ್ಲಿ ಹಿಂದಿನ ಚಕ್ರಗಳು ಗಕ್ಕನೆ ಹಿಡಿದುಕೊಂಡವು. ನಮ್ಮ ಲಾರಿ ಅಂಥದ್ದು, ಟ್ಯಾಂಕಿನ ಗಾಳಿ ತೀರಾ ಇಳಿದರೆ ತಾನಾಗಿಯೇ ಬ್ರೇಕು ಹಾಕಿಕೊಂಡು ನಿಂತುಬಿಡುತ್ತದೆ. ಅದು ನಿಂತದ್ದು ಬದನೆಕಾಯಿ ಗುಡ್ಡೆಗೂ ಬಳೆ ಅಂಗಡಿಗೂ ನಡುವೆ, ಇಡೀ ರಸ್ತೆಗೆ ಅಡ್ಡಲಾಗಿ. ಹಿಂದೆ ಬಸ್ಸು, ಅದರ ಹಿಂದೆ ಟಂಟಂ ರಿಕ್ಷಾ, ಅದರ ಹಿಂದೆ ಹಾರ್ನುಗಳ ಮೆರವಣಿಗೆ. ಬದನೆಕಾಯಿ ಮಾರುವ ಮುದುಕಿ ಸೊಂಟದ ಮೇಲೆ ಕೈಯಿಟ್ಟು, "ಏನಪಾ, ಲಾರಿಗಿ ನನ್ನ ಬದನಿಕಾಯಿ ಮ್ಯಾಲೆ ಮನಸಾತೇನು? ತಗೊಳ್ಳೂದಿದ್ರ ತಗೊ, ಇಲ್ಲಂದ್ರ ಸರಿ!" ಎಂದಳು. ಬಸ್ಸಿನಿಂದ ಇಳಿದುಬಂದವರೊಬ್ಬರು ಡೀಸೆಲ್ ತೀರಿದೆ ಎಂದರು. ಇನ್ನೊಬ್ಬರು ತಳ್ಳೋಣ ಎಂದರು. ತಳ್ಳಿಯೂ ನೋಡಿದರು. ಸಂತೆಯ ಅರ್ಧ ಗಂಡಸರು ಸೇರಿ ತಳ್ಳಿದರೂ ಲಾರಿ ಮಿಸುಕಲಿಲ್ಲ.

ಇವರು ಅವಸರವಿಲ್ಲದೆ ಇಳಿದು ಎಂಜಿನ್ನಿನ ಬಳಿ ಬಗ್ಗಿದರು. ನಾನೂ ಹಿಂದೆಯೇ ಇಳಿದು ಬಗ್ಗಿ ನೋಡಿದೆ. ನನ್ನ ಕುಂಚಿಗೆ ಜಾಲರಿಗೆ ಹೇಗೆ ಅಂಟಿಕೊಂಡಿತ್ತೆಂದರೆ, ಉಪವಾಸದವನ ಹೊಟ್ಟೆ ಬೆನ್ನಿಗೆ ಹತ್ತಿದಂತೆ. ಪಂಪು ಒಳಗಿನಿಂದ ಎಳೆದೂ ಎಳೆದೂ ರೇನ್‌ಕೋಟಿನ ಬಟ್ಟೆ ಪೂರಾ ಒಳಸೇದಿಹೋಗಿತ್ತು. ಕೆಸರು ಒಂದು ಹನಿಯೂ ಹೋಗಿರಲಿಲ್ಲ, ನಿಜ. ಗಾಳಿಯೂ ಹೋಗಿರಲಿಲ್ಲ. ಇವರು ಬೆರಳು ತೂರಿಸಿ ಕಿತ್ತ ಕೂಡಲೇ ಪಂಪು "ಹಾss" ಎಂದು ಉಸಿರೆಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಮುಳ್ಳು ಏರಿತು, ಸೈರನ್ ನಿಂತಿತು, ಚಕ್ರಗಳ ಹಿಡಿತ ಬಿಟ್ಟಿತು. ಕುಂಚಿಗೆಯನ್ನು ಅವರು ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. ಸಂತೆಯ ನಡುವೆ, ಅಷ್ಟು ಜನರ ಮುಂದೆ ಒಂದು ಮಾತು ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಕೇಳಿದ್ದು ಬೇರೆ.

"ಇಂಥಾವು ಮತ್ತ್ಯಾರಿಗಿ ಕೊಟ್ಟಿ?"

"ಸಿಂದಗಿ ಮಲ್ಲಪ್ಪಗ. ಮತ್ತ... ಸಾಲಿ ಬಸ್ಸಿನ ಸಿದ್ರಾಮಪ್ಪಗ."

ಎಂದೂ ಅಲುಗಾಡದ ನನ್ನ ಗಂಡನ ಮುಖ ಅವತ್ತು ಅಲುಗಾಡಿತು. "ನಮ್ದು ಗಾಳಿ ಹೋದ್ರ ತಾನ ಹಿಡದು ನಿಲ್ಲತೈತಿ. ಆ ಬಸ್ಸು ಹಳೇದು, ರೇಷ್ಮಾ. ಅದ್ರಾಗ ಗಾಳಿ ಹೋದ್ರ ಬ್ರೇಕ್ ಇಲ್ಲ."

ಆಮೇಲಿನ ದಾರಿ ನನಗೆ ಸರಿಯಾಗಿ ನೆನಪಿಲ್ಲ. ಮಲ್ಲಪ್ಪನವರು ಮೊದಲ ರಿಂಗಿಗೇ ಫೋನ್ ಎತ್ತಿದರು. "ಅದನ್ನ ಅವತ್ತ ತಗದು ಇಟ್ಟೀನ್ರಿ, ಸೈರನ್ ಹೊಡಕೊಳ್ಳಾಕ ಹತ್ತಿತ್ತು. ಹೆಣ್ಮಗಳು ಪ್ರೀತಿಲೆ ಕೊಟ್ಟಾಳ, ಹ್ಯಾಂಗ ಹೇಳೂದಂತ ಸುಮ್ನಿದ್ದೆ" ಎಂದರು. ಇಂಥ ಸಭ್ಯತೆ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ! ಸಿದ್ರಾಮಪ್ಪನವರ ಫೋನು ಮಾತ್ರ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ನಾನು ಬಿಟ್ಟುಬಿಡದೆ ಒತ್ತಿದೆ. ಶಾಲೆಗೂ ಮಾಡಿದೆ. ಬಸ್ಸು ಹೊರಟಾಗಿದೆ, ಮಕ್ಕಳನ್ನು ಬಿಡಲು ಇಂಗಳೇಶ್ವರದ ಕಡೆ ಹೋಗಿದೆ ಎಂದರು. ಬಸ್ಸಿನೊಳಗೆ ಪಾಟಿಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುವ ಮಕ್ಕಳು ನನ್ನ ಕಣ್ಣ ಮುಂದಿನಿಂದ ಸರಿಯಲೇ ಇಲ್ಲ. ಅವರ ಸಮವಸ್ತ್ರ ಯಾವ ಬಣ್ಣದ್ದೋ ಗೊತ್ತಿರಲಿಲ್ಲ. ಒಮ್ಮೆ ನೀಲಿ, ಒಮ್ಮೆ ಕೆಂಪು ಕಾಣಿಸುತ್ತಿತ್ತು. ನನ್ನ ಬಲಗಾಲು ಲಾರಿಯ ನೆಲವನ್ನು ತುಳಿಯುತ್ತಿತ್ತು, ಅಲ್ಲೂ ಒಂದು ಬ್ರೇಕು ಇದೆ ಎಂಬಂತೆ. "ಜಲ್ದಿ ಹೊಡೀರಿ" ಎಂದೆ. ಮರುಕ್ಷಣವೇ, "ಸಾವಕಾಶ ಹೊಡೀರಿ" ಎಂದೆ. "ಯಾವುದಾರ ಒಂದು ಹೇಳು" ಎಂದರು ಇವರು. ಅವರ ಹಣೆಯ ಮೇಲೆ ಬೆವರಿತ್ತು. ಮದುವೆಯಾಗಿ ಇಷ್ಟು ವರ್ಷಗಳ ಮೇಲೆ, ಇವರಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ತಿಳಿದದ್ದು ಆಗಲೇ. ಯಾಕೋ ಆ ಬೆವರು ನೋಡಿ ಸ್ವಲ್ಪ ಧೈರ್ಯ ಬಂತು. ಚಡಪಡಿಸಲು ಜೊತೆಗೊಬ್ಬರು ಸಿಕ್ಕರು.

ಬಾಗೇವಾಡಿಯಿಂದ ಆಚೆ, ಜೋಳದ ಹೊಲಗಳ ನಡುವಿನ ಸಣ್ಣ ರಸ್ತೆಯಲ್ಲಿ ಹಳದಿ ಬಸ್ಸಿನ ಬೆನ್ನು ಕಾಣಿಸಿತು. ಇವರು ಹಾರ್ನು ಹೊಡೆದರು. ಸಿದ್ರಾಮಪ್ಪನವರು ಕಿಟಕಿಯಿಂದ ಕೈ ಚಾಚಿ, ಮುಂದೆ ಹೋಗಿ ಎಂದು ದಾರಿ ಬಿಟ್ಟುಕೊಟ್ಟರು. ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ, "ನಿಲ್ಲಸ್ರೀ!" ಎಂದು ಕೂಗಿದೆ. ಮಕ್ಕಳೆಲ್ಲ ಕಿಟಕಿಗಳಿಗೆ ಬಂದು ಕೈ ಬೀಸಿದವು. ನಿಲ್ಲಿಸಿ ಎಂದರೆ ಟಾಟಾ ಎಂದುಕೊಂಡವು. ಅವರ ಸಮವಸ್ತ್ರ ಹಸಿರು. ಕೊನೆಗೆ ಬಸ್ಸನ್ನು ದಾಟಿ ಮುಂದೆ ಹೋಗಿ ದೂರದಲ್ಲಿ ಲಾರಿ ನಿಲ್ಲಿಸಿದರು ಇವರು. ನಾನು ಉಸಿರು ಬಿಗಿಹಿಡಿದು ಹಿಂತಿರುಗಿ ನೋಡಿದೆ. ಬಸ್ಸು ನಿಧಾನಕ್ಕೆ ಬಂದು, ತುಸುವೂ ತೊನೆಯದೆ, ಅಚ್ಚುಕಟ್ಟಾಗಿ ನಿಂತಿತು.

ನಾನು ಓಡಿದೆ. ಕೆಸರಿನಲ್ಲಿ ಒಂದು ಚಪ್ಪಲಿ ಉಳಿಯಿತು. "ಸಿದ್ರಾಮಪ್ಪಣ್ಣಾ, ಆ ಕುಂಚಿಗಿ! ಬಸ್ಸಿಗಿ ಹಾಕೀರಲ್ಲ, ಅದನ್ನ ಮೊದಲ ತಗೀರಿ!"

"ಬಸ್ಸಿಗಿ?" ಅವರು ಕಣ್ಣು ಪಿಳಿಪಿಳಿ ಮಾಡಿದರು. "ಅದು ಬಸ್ಸಿಗೇನ್ರಿ?" ಎನ್ನುತ್ತಾ ಸೀಟಿನ ಪಕ್ಕದಿಂದ ಕೆಂಪು ಪೈಪಿಂಗಿನ ನನ್ನ ಕುಂಚಿಗೆಯನ್ನು ಎತ್ತಿ ತೋರಿಸಿದರು. ಅದರ ಎಲಾಸ್ಟಿಕ್ ಬಿಡಿಸಿ ಒಳಗಿನಿಂದ ತಮ್ಮ ಮೊಬೈಲ್ ಹೊರತೆಗೆದರು. "ನಾ ಫೋನಿಗಿ ಹಾಕೇನ್ರಿ. ಭಾಳ ಬೆಸ್ಟ್ ಐತಿ. ಮಳಿ ತಾಕಂಗಿಲ್ಲ, ಬಸ್ಸು ಹೊಡೆಯೋ ಮುಂದ ರಿಂಗಿನ ಸಪ್ಪಳನೂ ಕೇಳಂಗಿಲ್ಲ." ಆಮೇಲೆ ಫೋನಿನ ಮುಖ ನೋಡಿ ಗಾಬರಿಯಾದರು. "ಅಯ್ಯ ಇಷ್ಟು ಸಲ ಫೋನ್ ಮಾಡೀರಿ! ಏನಾತ್ರಿ?"

ನಾನು ಬಸ್ಸಿನ ಮೆಟ್ಟಿಲ ಮೇಲೆ ಕೂತೆ. ದೇವರಿಗೆ ಕೈಮುಗಿಯಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದೆ. ಒಂದು ಹುಡುಗಿ ತನ್ನ ಬಾಟಲಿಯಿಂದ ನೀರು ಕೊಟ್ಟಳು. ಇವರು ನಿಂಬೆಹಣ್ಣು ತಂದು ಮಕ್ಕಳ ಕೈಗೆ ಒಂದೊಂದು ಹಾಕಿದರು. ಸಂತೋಷಕ್ಕೆ ಕೊಡಲು ಅವರ ಬಳಿ ಬೇರೇನೂ ಇರಲಿಲ್ಲ. ಇಷ್ಟಾದ ಮೇಲೆ ಒಳ್ಳೆಯ ಹೆಂಗಸು ಸುಮ್ಮನೆ ಎದ್ದು ಬರಬೇಕಲ್ಲವೇ? ನನಗೆ ಉಸಿರು ಒಂದು ಹದಕ್ಕೆ ಬರುತ್ತಲೇ ಸಿಟ್ಟು ಬಂತು. ದೇವರ ಹಿಪ್ಪರಗಿಯಿಂದ ಇಲ್ಲಿಯವರೆಗೆ, ಸಿದ್ರಾಮಪ್ಪನವರು ಅದನ್ನು ಬಸ್ಸಿಗೆ ಹಾಕದೇ ಇರಲಿ ಎಂದು ಹರಕೆ ಹೊತ್ತು ಬಂದಿದ್ದವಳು ನಾನೇ.

"ಅಲ್ರಿ," ಎಂದೆ, "ಬಸ್ಸಿಗೆಂತ ಅಷ್ಟು ಚಂದ ಹೊಲದು ಕೊಟ್ಟರ ಒಂದು ದಿನಾನೂ ಹಾಕಿ ನೋಡಲಿಲ್ಲೇನು ನೀವು?"

ಇವರು ದೂರ ಹೋಗಿ ಜೋಳದ ಹೊಲದ ಕಡೆ ಮುಖ ಮಾಡಿ ನಿಂತರು. ಬೆನ್ನು ಅಲುಗುತ್ತಿತ್ತು, ನಗುತ್ತಿದ್ದರೆಂದು ಕಾಣುತ್ತದೆ. ಸಿದ್ರಾಮಪ್ಪನವರು ಮಾತ್ರ ಬಹಳ ನೊಂದುಕೊಂಡರು. ತಪ್ಪಾಯಿತು ಎಂದರು. ಆಮೇಲೆ ಸಂಕೋಚದಿಂದ, "ಮತ್ತ ಬ್ಯಾರೆ ಏನಿಲ್ರಿ, ನಮ್ಮ ಮನಿಯಾಕಿ ತನ್ನ ಫೋನಿಗೂ ಇಂಥಾದೊಂದು ಬೇಕು ಅನ್ನಾಕತ್ತಾಳ" ಎಂದರು.

ಒಂದು ಕಾಲಿಗೆ ಚಪ್ಪಲಿಯಿಲ್ಲದೆ ಮೆಟ್ಟಿಲ ಮೇಲೆ ಕೂತಿದ್ದ ನಾನು ಕಣ್ಣು ಒರೆಸಿಕೊಂಡು ಕೇಳಿದೆ: "ಪೈಪಿಂಗ್ ಯಾವ ಬಣ್ಣದ್ದು ಇರಲಿ?"