ಐವತ್ತು ಸಾವಿರ ಜೂಲಿನ ತೊಟ್ಟಿಲು

ಮನೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರೊಬ್ಬ ಕಲ್ಲುಗುಂಡಿನಂತೆ ಕೂತಿರುವಾಗ, ಅವನನ್ನು ಒಂದು ಮಾತೂ ಕೇಳದೆ ತೊಟ್ಟಿಲಿಗೆ ಸ್ಪ್ರಿಂಗ್ ತರುವುದೆಂದರೆ ಏನರ್ಥ? ಮಗಳು ಮೂರು ತಿಂಗಳ ಕೂಸಿನೊಂದಿಗೆ ಬಂದಿದ್ದಾಳೆ. ತೂಗುವ ಕೈ ನಿಂತರೆ ಸಾಕು, ಕೂಸು ಮನೆಯ ಹೆಂಚು ಹಾರುವಂತೆ ಕಿರುಚುತ್ತದೆ. ಅದಕ್ಕೇ ನನ್ನವಳು ಸ್ಪ್ರಿಂಗ್ ತಂದು ನಡುಮನೆಯ ಕೊಕ್ಕೆಗೆ ಸಿಕ್ಕಿಸಿ, ಬಟ್ಟೆಯ ತೊಟ್ಟಿಲನ್ನು ಮೊಣಕಾಲೆತ್ತರದಲ್ಲಿ ಇಳಿಬಿಟ್ಟಿದ್ದಳು.

"ನಿಲ್ಲು! ಲೆಕ್ಕ ಮಾಡದೆ ಮಗು ಮಲಗಿಸಬೇಡ!" ಎಂದು ಅಡ್ಡ ನಿಂತೆ.

"ತೂಗೋಕೂ ಲೆಕ್ಕವೇನ್ರೀ?"

"ಇದು ಸರಳ ಸಂಗತ ಚಲನೆ ಕಣೇ."

"ಸರಳ ಅಂದ್ಮೇಲೆ ಸುಮ್ನಿರಿ."

ಸುಮ್ಮನಿರಲು ನಾನೇನು ಪಾಮರನೇ? ಸ್ಪ್ರಿಂಗಿನ ಚೀಟಿ ಓದಿದೆ: ಒಂದು ಸೆಂಟಿಮೀಟರ್ ಹಿಗ್ಗಲು ಹತ್ತು ನ್ಯೂಟನ್ ಬಲ. ಅಂದರೆ ಮೀಟರಿಗೆ ಸಾವಿರ. ತೊಟ್ಟಿಲು ಮೇಲೆ ಹತ್ತು, ಕೆಳಗೆ ಹತ್ತು ಸೆಂಟಿಮೀಟರ್ ಕುಣಿಯುತ್ತದೆ. ಹತ್ತರ ವರ್ಗ ನೂರು. ಸಾವಿರದಿಂದ ಗುಣಿಸಿ ಅರ್ಧ ಮಾಡಿದೆ. ಹಾಳೆ ಎತ್ತಿ ಹಿಡಿದು ಕೂಗಿದೆ:

"ಐವತ್ತು ಸಾವಿರ ಜೂಲ್! ಇಷ್ಟು ಶಕ್ತಿಯಲ್ಲಿ ಅತ್ತೆಯವರನ್ನ ನೂರು ಮೀಟರ್ ಎತ್ತರಕ್ಕೆ ಹಾರಿಸಬಹುದು!"

ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ಬೆಚ್ಚಿಬಿದ್ದರು. "ನನ್ನನ್ಯಾಕೆ ಹಾರಿಸ್ತೀರಿ ಅಳಿಯಂದ್ರೇ? ಬೇರೆ ಯಾರೂ ಸಿಗ್ಲಿಲ್ವಾ?"

"ಸರಿಯಾಗಿ ಐವತ್ತು ಕಿಲೋ ಇರೋರು ನೀವೊಬ್ರೇ."

ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡೇ ನನ್ನ ಹಾಳೆ ಇಣುಕಿದಳು. "ಅಪ್ಪಾ, ಈ ಹತ್ತು ಸೆಂಟಿಮೀಟರ್ ಅಲ್ವಾ? ಮೀಟರ್ ಮಾಡ್ಲೇ ಇಲ್ಲ ನೀವು. ಶಕ್ತಿ ಬರೀ ಐದು ಜೂಲ್. ಅಜ್ಜಿ ಒಂದು ಸೆಂಟಿಮೀಟರ್ ಮೇಲೇಳ್ತಾರೆ, ಅಷ್ಟೇ."

"ಅಷ್ಟಾದ್ರೂ ಯಾರಾದ್ರೂ ಎತ್ತಿದ್ರೆ ಸಾಕು, ಮಂಡಿ ಹಿಡ್ಕೊಂಡಿದೆ" ಎಂದರು ಅತ್ತೆ.

ಏಕಮಾನ ಬರೆಯದ ಮಕ್ಕಳನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಈಗ ಏಕಮಾನ ತಪ್ಪಿ, ಇದ್ದ ಒಂದೇ ಮಾನವೂ ಹೋಯಿತು! (ಕೂಸು ಬೇರೆ ನನ್ನನ್ನೇ ದಿಟ್ಟಿಸಿ ಕಿರುಚುತ್ತಿತ್ತು.) ಹೋದ ಮಾನ ಮರಳಿ ಗಳಿಸಲೇಬೇಕಿತ್ತು.

"ಆಯ್ತು. ಆದ್ರೂ ಮಗುಗಿಂತ ಮೊದ್ಲು ನಾನೇ ಕೂತು ಪರೀಕ್ಷೆ ಮಾಡ್ತೀನಿ. ನನ್ನ ತೂಕ ಎಪ್ಪತ್ತೈದು. ಸೆಂಟಿಮೀಟರಿಗೆ ಹತ್ತರಂತೆ ಭಾಗಿಸಿದ್ರೆ, ಏಳೂವರೆ ಸೆಂಟಿಮೀಟರ್ ಇಳೀತೀನಿ."

"ಅಪ್ಪಾ, ತಾಳಿ..." ಎಂದಳು ಮಗಳು. ಮೇಷ್ಟ್ರು ತಾಳುವುದುಂಟೇ? ಗಂಭೀರವಾಗಿ ಪೃಷ್ಠ ಪ್ರತಿಷ್ಠಾಪನೆ ಮಾಡಿದೆ.

ಧಡ್!

ಬೆನ್ನು ನೆಲಕ್ಕೆ, ಮೊಣಕಾಲು ಕಿವಿಗೆ. ಬಟ್ಟೆಯೊಳಗೆ ಮಡಚಿಬಿದ್ದ ನನ್ನನ್ನು ಕಂಡು ಕೂಸು ಅಳು ನಿಲ್ಲಿಸಿತು. ಆಮೇಲೆ ಬೊಚ್ಚುಬಾಯಿ ತೆರೆದು, ಹುಟ್ಟಿದಾಗಿನಿಂದ ಮೊದಲ ಸಲ, ಗಟ್ಟಿಯಾಗಿ ನಕ್ಕಿತು.

"ಕಿಲೋನ ಹತ್ತರಿಂದ ಗುಣಿಸಿ ನ್ಯೂಟನ್ ಮಾಡೋದು ಮರೆತ್ರಿ ಅಪ್ಪಾ! ಏಳೂವರೆ ಅಲ್ಲ, ಎಪ್ಪತ್ತೈದು ಸೆಂಟಿಮೀಟರ್!" ಮಗಳಿಗೆ ನಗು ತಡೆಯಲಾಗಲಿಲ್ಲ.

ಎಬ್ಬಿಸಲಿ ಎಂದು ಕೈ ಚಾಚಿದೆ. ನನ್ನವಳು ಕೈ ಕೊಡದೆ, ಬಗ್ಗಿ ತೊಟ್ಟಿಲಿನ ಅಡಿ ನೋಡಿದಳು.

"ರೀ, ನಿಮಗೂ ನೆಲಕ್ಕೂ ಈಗ ಅಂತರ ಸೊನ್ನೆ. ಮೀಟರೋ ಸೆಂಟಿಮೀಟರೋ, ನಿಮ್ಮಿಷ್ಟ."